ಹಟ್ಟಿ ಬಿಡದ ಹೆಸರು

ಚಿಂತಾಕಿ
೨೦ ಜೂನ್ ೨೦೨೩

ಶಿವಕಾಂತಾ ಅಕ್ಕಾವರಿಗೆ ಸಿದ್ದೇಶ್ವರಿಯ ನಮಸ್ಕಾರ.

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಐದನೇ ಇಯತ್ತೆ ಮುಗಿದ ಮೇಲೆ ನಾನು ಬರೆದದ್ದೆಂದರೆ ರೇಷನ್ ಅಂಗಡಿಯಲ್ಲಿ ಮಾಡಿದ ಸಹಿ ಮಾತ್ರ. ಒತ್ತಕ್ಷರ ತಪ್ಪಿರುತ್ತವೆ, ಸಾಲು ಇಳಿಜಾರಾಗುತ್ತದೆ. ಓದುವಾಗ ನಗು ಬಂದರೆ ನಕ್ಕುಬಿಡಿ, ಯಾರಿಗೂ ತೋರಿಸಬೇಡಿ.

ನೀವು ಹೇಳಿದಂತೆ ಹನ್ನೆರಡು ಕುರಿಗಳ ರಕ್ತ ಈ ಡಬ್ಬಿಯಲ್ಲಿದೆ. ದನದ ಆಸ್ಪತ್ರೆಯ ಬಾಬುಮಿಯಾ ಚಾಚಾ ಮುಂಜಾನೆಯೇ ಬಂದು ಕೊರಳ ನರದಿಂದ ತೆಗೆದರು. ನಾನು ಕುರಿ ಹಿಡಿದುಕೊಂಡೆ. ಚಾಚಾಗೆ ಉರ್ದು ಅಕ್ಷರ ಬರುತ್ತದೆ, ಕನ್ನಡ ಬರುವುದಿಲ್ಲ. ಹಾಗಾಗಿ ಕೊಳವೆಗಳ ಮೇಲೆ ಹೆಸರು ಬರೆಯುವ ಕೆಲಸ ನನಗೆ ಬಂತು. ಒಂದೊಂದು ಹೆಸರನ್ನು ಎರಡೆರಡು ಸಲ ಅಳಿಸಿ ಬರೆದೆ. "ಅರೆ ಬೇಟಿ, ಸೂಜಿ ಚುಚ್ಚಾಂವ ನಾ, ಹೆದರಾಕಿ ನೀನಾ?" ಎಂದು ಚಾಚಾ ನಕ್ಕರು.

ಹೋದ ವಾರ ನೀವು ನಮ್ಮ ಹಟ್ಟಿಗೆ ಬಂದಾಗ "ಏನಾದರೂ ಕೇಳೋದಿದ್ರೆ ಕೇಳು ತಂಗಿ" ಅಂದಿರಿ. ನನಗೆ ಕೇಳುವುದಿತ್ತು. ಆದರೆ ಹೊಸಬರ ಮುಂದೆ ನನ್ನ ಬಾಯಿ ತೆರೆಯುವುದಿಲ್ಲ, ಕುರಿಯ ಮರೆಗೆ ಹೋಗಿ ಕುಳಿತುಬಿಟ್ಟೆ. ಫೋನು ಅಣ್ಣನ ಕಿಸೆಯಲ್ಲಿರುತ್ತದೆ. ಇದ್ದರೂ ನಾನು ಮಾತಾಡಲಾರೆ. ಅದಕ್ಕೇ ಡಬ್ಬಿಯೊಳಗೆ ಈ ಕಾಗದ ಇಟ್ಟಿದ್ದೇನೆ. ನನ್ನ ಪ್ರಶ್ನೆ ಇಷ್ಟೇ: ರಕ್ತದಲ್ಲಿ ನೀವು ಏನು ನೋಡುತ್ತೀರಿ?

ನೀವು ಕೈಯಿಂದ ಸವರಿದ ಮುದಿ ಕುರಿಯ ಹೆಸರು ಕರಿಗಣ್ಣಿ. ಮೂರು ವರ್ಷದ ಹಿಂದೆ ಮೂಗು ಬಾಯಿ ಸೋರುವ ಬೇನೆ ಬಂದು ಅರ್ಧ ಹಟ್ಟಿ ಬರಿದಾದಾಗ ಒಂದು ದಿನವೂ ಮಲಗದೆ ಉಳಿದದ್ದು ಅದೇ. ಈಗ ಕೆಮ್ಮುತ್ತದೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ ಹೀರಾಬಾಯಿ, "ನಾನೂ ಕೆಮ್ತೀನಿ, ಅದೂ ಕೆಮ್ತದ, ಯಾರು ಮೊದಲ ಸುಮ್ಮಾಗ್ತೀವಿ ನೋಡೂಣು" ಎಂದು ಅದರೊಂದಿಗೆ ಪೈಪೋಟಿ ಹೂಡಿದ್ದಾಳೆ.

ನಿಮ್ಮ
ಸಿದ್ದೇಶ್ವರಿ


ಬೀದರ
೩ ಜುಲೈ ೨೦೨೩

ತಂಗಿ ಸಿದ್ದೇಶ್ವರಿಗೆ ಶರಣು.

ನಿನ್ನ ಕಾಗದ ಐಸಿನ ನೀರಿನಲ್ಲಿ ಒಂದು ಮೂಲೆ ನೆನೆದಿತ್ತು. ಒಣಗಿಸಿ ಎರಡು ಸಲ ಓದಿದೆ. ನಗು ಬರಲಿಲ್ಲ. ನಿನ್ನ ಕೊಳವೆಯ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿದೆ. ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅಂಕಿ ಹಾಕುತ್ತಾರೆ, ನನ್ನ ತಟ್ಟೆಯಲ್ಲಿ ಮಾತ್ರ ಚುಕ್ಕಿ, ಬೆಳ್ಳಿ, ಗುಬ್ಬಿ, ಬೋರಿ, ಕರಿಗಣ್ಣಿ ಎಂದು ಹೆಸರುಗಳು ಕುಳಿತಿವೆ. ನೋಡಲು ಚಂದ.

ನೀನು ಕೇಳಿದ್ದನ್ನು ಇಷ್ಟು ನೇರವಾಗಿ ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಲು ಪ್ರಯತ್ನಿಸುತ್ತೇನೆ.

ಕುರಿಯ ಮೈಯ ಒಂದೊಂದು ಕಣದಲ್ಲೂ ಒಂದು ಉದ್ದನೆಯ ಬರಹ ಇರುತ್ತದೆ. ಅದರ ಒಂದೊಂದು ತುಣುಕಿಗೆ ಜೀನ್ ಅನ್ನುತ್ತೇವೆ. ಕೆಲವು ಜೀನ್‌ಗಳ ಕೆಲಸ ಕಾವಲು. ರೋಗ ಒಳಗೆ ಬಂದರೆ ಅದನ್ನು ಗುರುತಿಸುವ, ತಡೆಯುವ ಪ್ರೋಟೀನುಗಳನ್ನು ಅವು ಮಾಡಿಸುತ್ತವೆ. ತಾಯಿಯಿಂದ ಮರಿಗೆ ಈ ಬರಹ ನಕಲಾಗಿ ಹೋಗುವಾಗ ಎಂದೋ ಒಮ್ಮೆ ಒಂದು ಸಾಲು ಎರಡು ಸಲ ನಕಲಾಗಿಬಿಡುತ್ತದೆ. ಆಗ ಒಂದು ಹಳೆಯ ಕೆಲಸ ಹಿಡಿದುಕೊಳ್ಳುತ್ತದೆ. ಇನ್ನೊಂದಕ್ಕೆ ಬಿಡುವು. ಅದು ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪ ಬದಲಾಗಿ ಬೇರೆ ರೋಗವನ್ನು ಗುರುತಿಸಲು ಕಲಿಯಬಹುದು, ಅಥವಾ ಕೆಟ್ಟು ಸುಮ್ಮನಾಗಬಹುದು. ಹೀಗೆ ಒಂದು ಜೀನ್ ಒಂದು ಕುಟುಂಬವಾಗುತ್ತದೆ.

ಇದು ಮೊದಲಾದದ್ದು ಕುರಿಯಲ್ಲಲ್ಲ. ಸುಮಾರು ಐವತ್ತು ಕೋಟಿ ವರ್ಷದ ಹಿಂದೆ, ದವಡೆ ಇರುವ ಮೊದಲ ಮೀನುಗಳ ಕಾಲಕ್ಕೇ ಇಂಥ ಕಾವಲಿನ ದೊಡ್ಡ ಮನೆತನಗಳು ಶುರುವಾಗಿದ್ದವು. ಬೆನ್ನೆಲುಬಿರುವ ಮೀನು, ಕಪ್ಪೆ, ಕೋಳಿ, ಕುರಿ, ನೀನು, ನಾನು ಎಲ್ಲರೂ ಅವುಗಳ ಪಾಲು ಹಂಚಿಕೊಂಡವರು. ಒಂದೊಂದು ಮನೆಯಲ್ಲಿ ಪಾಲು ಒಂದೊಂದು ತರಹ. ನಿಮ್ಮ ಹಟ್ಟಿಯ ಪಾಲು ಹೇಗಿದೆ ಎಂದು ನೋಡುವುದೇ ನನ್ನ ಕೆಲಸ. ಜೊತೆಗೆ ಒಂದೇ ಕುರಿಯ ರಕ್ತದಲ್ಲಿ ಆ ಕಾವಲು ಪ್ರೋಟೀನು ಮಳೆಗಾಲಕ್ಕೆ ಎಷ್ಟು, ಚಳಿಗೆ ಎಷ್ಟು ಎಂದು ತಿಂಗಳು ತಿಂಗಳು ಅಳೆಯುತ್ತೇನೆ. ಅದಕ್ಕೇ ಅವೇ ಹನ್ನೆರಡು ಕುರಿಗಳು ಬೇಕು.

ಮುಂದಿನ ಡಬ್ಬಿಯಲ್ಲಿಯೂ ಕಾಗದ ಇರಲಿ.

ಶಿವಕಾಂತಾ


ಚಿಂತಾಕಿ
೧೨ ಆಗಸ್ಟ್ ೨೦೨೩

ಅಕ್ಕಾವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಆಯಿಗೆ ಓದಿ ಹೇಳಿದೆ. ಐವತ್ತು ಕೋಟಿ ಅಂದಾಗ "ವರ್ಷ ಯಾರು ಕೂತು ಎಣಿಸ್ಯಾರ?" ಅಂದಳು. ಮೀನೂ ನಾವೂ ಪಾಲುದಾರರು ಅಂದಾಗ ಮಾತ್ರ ನನ್ನ ಕಡೆ ತಿರುಗಿ ಕುಳಿತಳು. "ಹಂಗಾರ ಭಾವಕಿ ದೊಡ್ಡದದ" ಅಂದಳು. ಭಾವಕಿ ಎಂದರೆ ನಮ್ಮಲ್ಲಿ ಒಂದೇ ಮೂಲದಿಂದ ಒಡೆದ ಮನೆಗಳು.

ನಾನು ಕುರಿ ಮೇಯಿಸುವಾಗ ನಿಮ್ಮ ಮಾತನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ನನಗೆ ಕಿವಿಯ ಗುರುತು ನೆನಪಾಯಿತು. ನಮ್ಮ ಮುತ್ಯಾನ, ಅಂದರೆ ಅಜ್ಜನ, ಕುರಿಗೆ ಎಡಗಿವಿಯ ತುದಿಯಲ್ಲಿ ಒಂದು ಕಚ್ಚು. ಪಾಲಾದಾಗ ಹಿರಿಯ ಮಗ ಅದೇ ಕಚ್ಚು ಇಟ್ಟುಕೊಂಡ. ಕಿರಿಯವನು ಅದೇ ಕಚ್ಚಿನ ಕೆಳಗೆ ಇನ್ನೊಂದು ಹಾಕಿದ. ಅವನ ಮಗ ಡಾಬಕಾ ಊರಿನ ಕಡೆ ಹೋಗಿ ಎರಡು ಕಚ್ಚಿನ ಜೊತೆ ಒಂದು ತೂತು ಮಾಡಿದ. ಹೊಸ ಗುರುತನ್ನು ಯಾರೂ ಬೇರೆ ಮಾಡುವುದಿಲ್ಲ, ಅಪ್ಪನ ಗುರುತಿಗೇ ಕೂಡಿಸುತ್ತಾರೆ. ಹಾಗಾಗಿ ಸಂತೆಯಲ್ಲಿ ಯಾವ ಕುರಿಯ ಕಿವಿ ಹಿಡಿದರೂ ಆಯಿ ಅದು ಯಾವ ಮನೆಯದು, ಆ ಮನೆ ಯಾವ ಮನೆಯಿಂದ ಒಡೆದದ್ದು ಎಂದು ಹೇಳುತ್ತಾಳೆ. ನೀವು ರಕ್ತದಲ್ಲಿ ನೋಡುವುದೂ ಹೀಗೆಯೇ ಏನು? ತಪ್ಪಿದ್ದರೆ ಬಿಟ್ಟುಬಿಡಿ.

ಹನ್ನೆರಡೂ ಕೊಳವೆ ಕಳಿಸಿದ್ದೇನೆ. ಕರಿಗಣ್ಣಿ ಚೆನ್ನಾಗಿದ್ದಾಳೆ. ಈಗ ಕೆಮ್ಮುವುದಿಲ್ಲ. ಬದುವನ್ನು ಎಲ್ಲರಿಗಿಂತ ಮೊದಲು ಹತ್ತುತ್ತಾಳೆ.

ನಿಮ್ಮ
ಸಿದ್ದೇಶ್ವರಿ


ಬೀದರ
೫ ಸೆಪ್ಟೆಂಬರ್ ೨೦೨೩

ತಂಗಿ ಸಿದ್ದೇಶ್ವರಿ,

ನಿನ್ನ ಕಿವಿಯ ಗುರುತನ್ನು ನಾನು ನಮ್ಮ ಸತೀಶಕುಮಾರ ಸರ್ ಅವರಿಗೆ ಹೇಳಿದೆ. ನನ್ನ ಕೆಲಸಕ್ಕೆ ದಾರಿ ತೋರಿಸುವವರು ಅವರೇ, ಮೆಚ್ಚುವುದು ಅವರ ಅಭ್ಯಾಸವಲ್ಲ. ಅವರು ಸೀಮೆಸುಣ್ಣ ಕೈಗೆ ಕೊಟ್ಟು "ಹಲಗಿ ಮ್ಯಾಲ ಬರದು ತೋರಸ್ರಿ" ಅಂದರು. ಒಂದು ಕಚ್ಚು, ಎರಡು ಕಚ್ಚು, ಎರಡು ಕಚ್ಚು ಒಂದು ತೂತು ಎಂದು ಕಿವಿಗಳನ್ನು ಬರೆದೆ. ಅವರು ನೋಡಿ, "ಮೂರು ವರ್ಷದಿಂದ ನಾ ಇದನ್ನೇ ನಿಮಗ ಹೇಳ್ಲತ್ತೀನಿ" ಅಂದರು. ಆ ಚಿತ್ರ ಇನ್ನೂ ಅಳಿಸಿಲ್ಲ. ಕೆಳಗೆ ಚಿಂತಾಕಿ ಎಂದು ಬರೆದಿದ್ದೇನೆ.

ಇನ್ನೊಂದು ಸೋಜಿಗ ಕೇಳು. ಕೋಳಿಯಲ್ಲಿ ರೋಗಾಣುವನ್ನು ಹಿಡಿದು ನಿಲ್ಲಿಸುವ ಒಂದು ಪ್ರೋಟೀನಿಗೆ ಕೆಲಸ ಮಾಡುವ ತುಣುಕು ಒಂದೇ. ಅದರ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಕೆಟ್ಟ ತುಣುಕುಗಳು ಸುಮ್ಮನೆ ಸಾಲಾಗಿ ನಿಂತಿವೆ. ಅವು ತಾವಾಗಿ ಏನೂ ಮಾಡಲಾರವು. ನಾವು ಅವಕ್ಕೆ ಸತ್ತ ಜೀನ್ ಅನ್ನುವುದೂ ಉಂಟು. ಆದರೆ ಆ ಒಂದು ತುಣುಕು ಅವುಗಳಿಂದ ಚೂರು ಚೂರು ನಕಲು ಮಾಡಿಕೊಂಡು, ತನಗೆ ಹೊಸ ಹೊಸ ರೂಪ ಕೊಟ್ಟುಕೊಳ್ಳುತ್ತದೆ. ಅದನ್ನು ಮೊದಲು ಓದಿದ ದಿನ ನಾನು ಊಟವನ್ನೇ ಮರೆತಿದ್ದೆ.

ಕರಿಗಣ್ಣಿಯ ಕೆಮ್ಮು ಹೋಯಿತೆಂದು ಖುಷಿಯಾಯಿತು. ಅದರ ರಕ್ತದಲ್ಲೂ ಜೂನಿಗಿಂತ ಆಗಸ್ಟಿನಲ್ಲಿ ಕಾವಲು ಜೋರಾಗಿದೆ! ಆ ವಯಸ್ಸಿಗೆ ಇದು ದೊಡ್ಡದು. ಏನು ಔಷಧಿ ಕೊಟ್ಟಿರಿ? ದಯವಿಟ್ಟು ಬರೆ.

ಶಿವಕಾಂತಾ


ಚಿಂತಾಕಿ
೨೨ ಅಕ್ಟೋಬರ್ ೨೦೨೩

ಅಕ್ಕಾವರಿಗೆ ನಮಸ್ಕಾರ.

ಸತ್ತ ಜೀನ್ ಎನ್ನುವ ಹೆಸರು ಆಯಿಗೆ ಹಿಡಿಸಲಿಲ್ಲ. ನಮ್ಮಲ್ಲಿ ಮುತ್ತಿ ಎಂಬ ಗೊಡ್ಡು ಕುರಿ ಇದೆ. ಒಂದು ಮರಿಯನ್ನೂ ಹಾಕಿಲ್ಲ. ಮಾರಿಬಿಡೋಣ ಎಂದು ಅಣ್ಣ ಅಂದಾಗ ಆಯಿ "ಹಳ್ಳದ ದಾರಿ ನಿನಗ ಗೊತ್ತದ ಏನ? ಅದಕ್ಕ ಗೊತ್ತದ" ಎಂದು ಬೈದಿದ್ದಳು. ಬೇಸಿಗೆಯಲ್ಲಿ ನೀರಿಗೆ ಹೋಗುವಾಗ ಮುತ್ತಿ ಮುಂದೆ, ಉಳಿದವು ಹಿಂದೆ. ನಿಮ್ಮ ಕೋಳಿಯ ಸುಮ್ಮನಿರುವ ತುಣುಕುಗಳಿಗೆ ಬೇರೆ ಹೆಸರು ಹುಡುಕಿ ಎಂದು ಹೇಳಿದ್ದಾಳೆ.

ಕೆಮ್ಮಿಗೆ ಔಷಧಿ ಏನೂ ಕೊಟ್ಟಿಲ್ಲ.

ಈ ಸಲ ಬೇಗ ಮುಗಿಸುತ್ತೇನೆ. ಬಸ್ಸಿನ ಹೊತ್ತಾಯಿತು.

ಸಿದ್ದೇಶ್ವರಿ


ಭಾಲ್ಕಿ
೨೮ ಡಿಸೆಂಬರ್ ೨೦೨೩

ಸಿದ್ದೇಶ್ವರಿ,

ಇದನ್ನು ಊರಿನಿಂದ, ನಮ್ಮ ಮನೆಯಿಂದ ಬರೆಯುತ್ತಿದ್ದೇನೆ. ಬೀದರಿನಲ್ಲಿ ಕೂರಲು ಆಗಲಿಲ್ಲ.

ಜೂನಿನಲ್ಲಿ ಓದಿದ ಜೀನ್‌ಗಳನ್ನು ನವೆಂಬರಿನ ರಕ್ತದಲ್ಲಿ ಇನ್ನೊಮ್ಮೆ ಓದಿ ತಾಳೆ ನೋಡಬೇಕೆಂದು ಸರ್ ಹೇಳಿದ್ದರು. ಓದಿದೆ. ರಕ್ತದ ಪ್ರೋಟೀನು ಹೆಚ್ಚು ಕಡಿಮೆ ಆಗುತ್ತದೆ, ಆದರೆ ನಾನು ನೋಡುವ ಆ ಜೀನ್ ಕುಟುಂಬ ಒಂದು ಕುರಿಯ ಆಯುಷ್ಯದಲ್ಲಿ ಬದಲಾಗುವುದಿಲ್ಲ. ಕರಿಗಣ್ಣಿಗೆ ಜೂನಿನಲ್ಲಿ ಆ ಕಾವಲು ಜೀನಿನ ನಾಲ್ಕು ಪ್ರತಿ ಇದ್ದವು. ನವೆಂಬರಿನಲ್ಲಿ ಐದು. ಚುಕ್ಕಿಯದೂ ಬೆಳ್ಳಿಯದೂ ತಾಳೆಯಾಗುತ್ತಿಲ್ಲ. ಐದು ದಿನ ನನ್ನ ಕೈಯದೇ ತಪ್ಪೆಂದು ಮತ್ತೆ ಮತ್ತೆ ಮಾಡಿದೆ. ಉತ್ತರ ಅದೇ.

"ಹೆಸರು ಅದಲುಬದಲಾಗ್ಯಾವ. ಮೂರು ತಪ್ಪಿದ್ರ ಉಳದ ಒಂಬತ್ತನ್ನ ಹ್ಯಾಂಗ ನಂಬೂದು?" ಎಂದು ಸರ್ ಕೇಳಿದರು. ಜನವರಿ ಕೊನೆಗೆ ನನ್ನ ಸಂಶೋಧನೆ ನೋಡುವ ಸಮಿತಿ ಕೂರುತ್ತದೆ. ಅಷ್ಟರಲ್ಲಿ ಕಾರಣ ತಿಳಿಯದಿದ್ದರೆ ಚಿಂತಾಕಿಯ ರಕ್ತವನ್ನೆಲ್ಲ ಚೆಲ್ಲಬೇಕು. ಅದರೊಂದಿಗೆ ನನ್ನ ಒಂದು ವರ್ಷ. ಇನ್ನೊಂದು ವರ್ಷ ಕೊಡುವಷ್ಟು ತಾಳ್ಮೆ ಮನೆಯಲ್ಲಿ ಯಾರಿಗೂ ಇಲ್ಲ, ನಿನಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ನೀನು ಕೊಳವೆ ತಪ್ಪಿಸಿದೆಯಾ? ಕುರಿ ಸಿಗದ ದಿನ ಬೇರೆ ಕುರಿಯ ರಕ್ತ ಹಾಕಿದೆಯಾ? ಸಿಟ್ಟು ಮಾಡುವುದಿಲ್ಲ. ಇದ್ದದ್ದು ಬರೆ.

ಶಿವಕಾಂತಾ


ಚಿಂತಾಕಿ
೬ ಜನವರಿ ೨೦೨೪

ಅಕ್ಕಾವರಿಗೆ,

ಈ ಕಾಗದವನ್ನು ನಾಲ್ಕು ಸಲ ಹರಿದಿದ್ದೇನೆ. ಅಕ್ಷರ ಕೆಟ್ಟಿದ್ದರೆ ಈ ಸಲ ನಿಜಕ್ಕೂ ಕ್ಷಮಿಸಿ.

ಕೊಳವೆ ತಪ್ಪಿಸಿಲ್ಲ. ಕರಿಗಣ್ಣಿ ಎಂದು ಬರೆದ ಕೊಳವೆಯಲ್ಲಿ ಕರಿಗಣ್ಣಿಯ ರಕ್ತವೇ ಇದೆ. ಆದರೆ ನೀವು ಸವರಿದ ಕರಿಗಣ್ಣಿ ಜುಲೈ ಕೊನೆಯಲ್ಲಿ ಹೋದಳು. ಈಗ ಕರಿಗಣ್ಣಿ ಆಗಿರುವುದು ಅವಳ ಮಗಳು.

ನಮ್ಮ ಹಟ್ಟಿಯಲ್ಲಿ ಹಾಗೆ. ಹೆಸರಿನ ಕುರಿ ಹೋದರೆ ಅವಳ ಮಗಳಲ್ಲಿ ಒಬ್ಬಳ ಕೊರಳಿಗೆ ಅದೇ ದಾರ, ಅದೇ ಗಂಟೆ ಕಟ್ಟಿ ಅದೇ ಹೆಸರಿನಿಂದ ಕರೆಯುತ್ತೇವೆ. ಮೂರು ದಿನ ಕರೆದರೆ ತಿರುಗಿ ನೋಡುತ್ತಾಳೆ. ಹೆಸರು ಹಟ್ಟಿ ಬಿಡಬಾರದು ಎಂದು ಆಯಿಯ ಮಾತು. ಹೆಸರಿದ್ದವಳು ಸತ್ತಳು ಎಂದು ನಾವು ಬಾಯಲ್ಲಿ ಹೇಳುವುದಿಲ್ಲ. ಚುಕ್ಕಿಯನ್ನು ಆಗಸ್ಟಿನಲ್ಲಿ ತೋಳ ಹಿಡಿಯಿತು, ಬೆಳ್ಳಿ ಈಯುವಾಗ ಹೋಯಿತು. ಅವರ ಹೆಸರುಗಳೂ ಅವರವರ ಮಗಳಿಗೆ ಬಂದಿವೆ. ಉಳಿದ ಒಂಬತ್ತು ನೀವು ನೋಡಿದ ಕುರಿಗಳೇ.

ಇಷ್ಟೇ ಆಗಿದ್ದರೆ ಇದು ತಿಳಿಯದೆ ಮಾಡಿದ ತಪ್ಪು. ಆದರೆ ಅಕ್ಕಾ, ಸೆಪ್ಟೆಂಬರಿನಲ್ಲಿ ನೀವು ಕೆಮ್ಮಿಗೆ ಏನು ಔಷಧಿ ಎಂದು ಕೇಳಿದಿರಲ್ಲ, ಆ ಸಾಲು ಓದಿದಾಗಲೇ ನನಗೆ ತಿಳಿಯಿತು. ನೀವು ಎರಡನ್ನೂ ಒಂದೇ ಕುರಿ ಅಂದುಕೊಂಡಿದ್ದೀರಿ ಎಂದು. ಆಗಲೇ ಬರೆಯಬೇಕಿತ್ತು. ಬರೆದರೆ ಚಿಂತಾಕಿಯ ರಕ್ತ ಸಾಕು ಎಂದು ಹೇಳುತ್ತೀರಿ, ಡಬ್ಬಿ ನಿಲ್ಲುತ್ತದೆ, ಡಬ್ಬಿ ನಿಂತರೆ ನಿಮ್ಮ ಕಾಗದ ನಿಲ್ಲುತ್ತದೆ ಎಂದು ಹೆದರಿದೆ. ನನಗೆ ಈ ತನಕ ಯಾರೂ ಕಾಗದ ಬರೆದಿರಲಿಲ್ಲ. "ಔಷಧಿ ಏನೂ ಕೊಟ್ಟಿಲ್ಲ" ಎಂದು ಬರೆದೆ. ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ.

ಇದನ್ನು ಆಯಿಗೆ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ. "ಆಕಿ ಒಂದು ವರ್ಷ ನೀರಾಗ ಹಾಕ್ಲತ್ತಾಳ, ನೀ ಮೂರು ತಿಂಗಳು ಬಾಯಿ ಮುಚ್ಚಿದಿ?" ಅಂದಳು. ಆಮೇಲೆ, "ಬರಿ. ನನಗ ಒಂದೊಂದು ಕುರಿ ತಾಯಿ, ಅದರ ತಾಯಿ, ನಾ ಲಗ್ನಾಗಿ ಬಂದಾಗಿನಿಂದ ಎಲ್ಲಾ ಗೊತ್ತದ. ಬೇಕಾದ್ರ ಬಂದು ಕೇಳು ಅಂತ ಬರಿ" ಅಂದಳು.

ಬರೆದಿದ್ದೇನೆ. ಇನ್ನು ನೀವು ಬರೆಯದಿದ್ದರೂ ಸರಿ.

ಸಿದ್ದೇಶ್ವರಿ


ಬೀದರ
೨೪ ಜನವರಿ ೨೦೨೪

ತಂಗಿ,

ನಿನ್ನ ಕಾಗದ ಓದಿ ಮೊದಲ ದಿನ ನನಗೆ ಸಿಟ್ಟು ಬಂದದ್ದು ನಿಜ. ಮಾಡುವುದಿಲ್ಲ ಎಂದಿದ್ದೆ, ಆದರೂ ಬಂತು. ಎರಡನೇ ದಿನ ಬೇರೆಯೇ ಯೋಚನೆ ಬಂತು. ಹಾಳೆ ತೆಗೆದುಕೊಂಡು ಹಳೆಯ ಕರಿಗಣ್ಣಿ, ಹೊಸ ಕರಿಗಣ್ಣಿ ಎಂದು ಎರಡು ಸಾಲು ಮಾಡಿದೆ. ತಾಯಿಯಲ್ಲಿ ನಾಲ್ಕು, ಮಗಳಲ್ಲಿ ಐದು. ನಾನು ಅಸಾಧ್ಯ ಎಂದು ಅತ್ತದ್ದು, ಹಾಗೆ ನೋಡಿದರೆ ಸಹಜ.

ಸತೀಶಕುಮಾರ ಸರ್ ಅವರಿಗೆ ನಿನ್ನ ಕಾಗದವನ್ನೇ ಕೊಟ್ಟೆ. ಯಾರಿಗೂ ತೋರಿಸಬೇಡಿ ಎಂದು ನೀನು ಮೊದಲ ಕಾಗದದಲ್ಲಿ ಹೇಳಿದ್ದೆ, ಅದನ್ನು ಮುರಿದಿದ್ದೇನೆ. ಈಗ ನಮ್ಮಿಬ್ಬರದೂ ಸರಿಸಮ. ಅವರು ಓದಿ, "ಹುಡುಗಿ ಪ್ರಾಮಾಣಿಕ ಇದ್ದಾಳ. ಆದ್ರ ಕಾಗದ ಪುರಾವೆ ಅಲ್ಲ" ಅಂದರು. ಅದಕ್ಕೆ ಒಂದು ದಾರಿ ಇದೆ. ಕಣದೊಳಗೆ ಇನ್ನೊಂದು ಪುಟ್ಟ ಬರಹ ಇರುತ್ತದೆ, ಅದು ತಾಯಿಯಿಂದ ಮಾತ್ರ ಬರುತ್ತದೆ. ಅದನ್ನು ಓದಿದರೆ ಯಾವ ಯಾವ ಕುರಿ ಒಂದೇ ತಾಯಿಬಳ್ಳಿಯವು ಎಂದು ತಿಳಿಯುತ್ತದೆ. ಆಯಿ ಬಂದು ಸರ್ ಅವರ ಮುಂದೆ ಹನ್ನೆರಡೂ ಹೆಸರಿನ ಬಳ್ಳಿ ಹೇಳಬೇಕು. ಬರೆದುಕೊಂಡು ಲಕೋಟೆಯಲ್ಲಿ ಹಾಕಿ ಮೇಣ ಹಚ್ಚುತ್ತೇವೆ. ಆಮೇಲೆ ರಕ್ತ ಓದುತ್ತೇವೆ. ತಾಳೆಯಾದರೆ ಕೊಳವೆ ಉಳಿಯುತ್ತವೆ. ಆಗದಿದ್ದರೆ ಇಲ್ಲ. ಏಪ್ರಿಲ್ ತನಕ ಸಮಯ ಸಿಕ್ಕಿದೆ.

ಫೆಬ್ರವರಿ ಹತ್ತರಂದು ಆಯಿಯನ್ನು ಕರೆದುಕೊಂಡು ಬಾ. ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ನನ್ನ ಸೋದರಮಾವನ ಧಾನ್ಯದ ಅಡತಿ ಅಂಗಡಿ ಇದೆ, ಅಲ್ಲಿಂದ ನಾನು ಕರೆದೊಯ್ಯುತ್ತೇನೆ. ನೀನು ಕುರಿಯ ಮರೆಗೆ ಕೂರುವಂತಿಲ್ಲ. ಬೀದರಿನಲ್ಲಿ ಕುರಿ ಇರುವುದಿಲ್ಲ.

ಶಿವಕಾಂತಾ


ಚಿಂತಾಕಿ
೧೩ ಫೆಬ್ರವರಿ ೨೦೨೪

ಅಕ್ಕಾವರಿಗೆ ನಮಸ್ಕಾರ. ಕ್ಷೇಮವಾಗಿ ಮುಟ್ಟಿದೆವು.

ನೀವು ನೋಡದೆ ಹೋದದ್ದೊಂದನ್ನು ಹೇಳಬೇಕು. ನೀವು ಮೇಣ ತರಲು ಹೋದಾಗ ಸರ್ ನನ್ನ ಕಡೆ ತಿರುಗಿ, "ಇಷ್ಟೆಲ್ಲಾ ಹೆಸರು ಇವರು ಹ್ಯಾಂಗ ನೆನಪ ಇಟ್ಟಾರ?" ಎಂದು ಕೇಳಿದರು. ಆಯಿಯನ್ನೇ ಕೇಳಲಿ ಎಂದು ಅವಳ ಕಡೆ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮರೆಗೆ ಏನೂ ಇರಲಿಲ್ಲ.

ಅಕ್ಕಾ, ನಾನು ಮಾತಾಡಿದೆ. "ಆಯಿ ದಿನಾ ಸಂಜಿ ಕುರಿ ಒಳಗ ಬಿಡುವಾಗ ತಾಯಿ ಹೆಸರು ಹಿಡದು ಕರೀತಾಳ್ರಿ. ಕರಿಗಣ್ಣಿ ಮಗಳ ಕರಿಗಣ್ಣಿ, ಆಕಿ ಮಗಳ ಕರಿಗಣ್ಣಿ ಅಂತ. ಐವತ್ತು ವರ್ಷ ದಿನಾ ಹೇಳಿದ್ರ ನಿಮಗೂ ನೆನಪ ಇರ್ತದ್ರಿ" ಅಂದೆ. ಅಂದ ಮೇಲೆ ಕಿವಿ ಬಿಸಿಯಾದವು. ಸರ್ ಜೋರಾಗಿ ನಕ್ಕರು. ನೀವು ಒಳಗೆ ಬಂದಾಗ ಅವರು ನಗುತ್ತಿದ್ದುದು ಅದಕ್ಕೇ.

ಏಳು ಕರಿಗಣ್ಣಿಯರನ್ನು ಆಯಿ ಹೇಳುವಾಗ ನೀವು ಬರೆಯುವುದನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕುಳಿತಿರಿ. ನಾನು ನಿಮ್ಮನ್ನು ನೋಡುತ್ತಿದ್ದೆ. ಆಯಿಯನ್ನು ಹಾಗೆ ಯಾರಾದರೂ ನೋಡಿದ್ದು ನಾನು ಕಂಡಿರಲಿಲ್ಲ.

ಬಸ್ಸಿನಲ್ಲಿ ಆಯಿ ನಿಮ್ಮ ಗಾಜಿನ ಕೊಳವೆಗಳ ಬಗ್ಗೆಯೇ ಮಾತಾಡಿದಳು. "ಒಂದು ಹನಿ ರಕ್ತದಾಗ ಮೀನಿನ ಕಾಲದ ಸುದ್ದಿ ಓದ್ತಾಳಂತ. ನಾ ಏಳು ತಲಿ ಹೇಳಿ ಮೀಸಿ ತಿರುವಿದ್ನಿ ನೋಡು" ಎಂದು ನಕ್ಕಳು. ಔರಾದ ಬಂದ ಮೇಲೆ ನಗು ನಿಂತಿತು. "ತಪ್ಪಿದ್ರ ಏನು ಮಾಡ್ತಾರ?" ಎಂದು ಕೇಳಿದಳು. ಚೆಲ್ಲುತ್ತಾರೆ ಅಂದೆ. ಮನೆ ಮುಟ್ಟುವ ತನಕ ಬೆರಳು ಮಡಚಿ ಮಡಚಿ ಹೆಸರು ಎಣಿಸುತ್ತಿದ್ದಳು.

ಸಿದ್ದೇಶ್ವರಿ


ಬೀದರ
೧೯ ಏಪ್ರಿಲ್ ೨೦೨೪

ತಂಗಿ ಸಿದ್ದೇಶ್ವರಿ,

ಲಕೋಟೆಯನ್ನು ನಿನ್ನೆ ಸಮಿತಿಯ ಮುಂದೆ ಒಡೆದೆವು. ಆಯಿ ಹೇಳಿದ್ದು ಎಡಕ್ಕೆ, ರಕ್ತ ಹೇಳಿದ್ದು ಬಲಕ್ಕೆ. ಕರಿಗಣ್ಣಿ, ಚುಕ್ಕಿ, ಬೆಳ್ಳಿ, ಮೂವರೂ ತಮ್ಮ ತಾಯಂದಿರ ಮಕ್ಕಳೇ. ಚುಕ್ಕಿಯ ಬಳ್ಳಿಯೂ ಬೋರಿಯ ಬಳ್ಳಿಯೂ ಮದುವೆಯಾಗಿ ಬರುವಾಗ ಡಾಬಕಾದಿಂದ ತನ್ನ ಜೊತೆ ಬಂದ ಒಂದೇ ಕುರಿಯಿಂದ ಒಡೆದದ್ದು ಎಂದು ಆಯಿ ಹೇಳಿದ್ದಳಲ್ಲ, ಅದೂ ಹಾಗೆಯೇ ಇದೆ. ಹನ್ನೆರಡರಲ್ಲಿ ಹನ್ನೊಂದು ಸರಿ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಆ ಪಟ್ಟಿಯನ್ನು ಮೊದಲಿನಿಂದ ಓದಿದರು. ಕೊಳವೆ ಚೆಲ್ಲುವುದಿಲ್ಲ. ಚಿಂತಾಕಿ ಉಳಿಯಿತು, ನಾನೂ ಉಳಿದೆ.

ಐದನೆಯ ಪ್ರತಿ ಹೊಸ ಕರಿಗಣ್ಣಿಗೆ ಟಗರಿನ ಕಡೆಯಿಂದ ಬಂದಿರಬೇಕು. ಅದು ಏನು ಮಾಡುತ್ತದೆ? ಗೊತ್ತಿಲ್ಲ. ಕಾಯುತ್ತಿರಬಹುದು, ಏನೂ ಮಾಡದೆ ಇರಬಹುದು. ಮುದಿ ಕರಿಗಣ್ಣಿ ನಾಲ್ಕರಲ್ಲೇ ಆ ಬೇನೆ ಗೆದ್ದಳು, ಹಾಗಾಗಿ ಹೆಚ್ಚಿದ್ದರೆ ಒಳ್ಳೆಯದು ಎಂದು ಹೇಳಲು ನಾನು ತಯಾರಿಲ್ಲ. ನೋಡಬೇಕು. ಅದು ಸುಮ್ಮನಿರುವ ತುಣುಕೇ ಆದರೆ ನನ್ನ ಪುಸ್ತಕದಲ್ಲಿ ಅದಕ್ಕೆ ಮುತ್ತಿ ಎಂದು ಬರೆದುಕೊಳ್ಳುತ್ತೇನೆ.

ಇನ್ನು ಆ ಹನ್ನೆರಡನೆಯದು. ಗುಬ್ಬಿ ಬೆಳ್ಳಿಯ ಬಳ್ಳಿಯವಳು ಎಂದು ಆಯಿ ಹೇಳಿದ್ದಳು. ರಕ್ತ ಅಲ್ಲ ಅನ್ನುತ್ತದೆ. ಆಯಿಯನ್ನು ಕೇಳಿ ಬರೆಯುತ್ತೀಯಾ? ಈ ಸಲ ಕೇಳಲು ನನಗೆ ಹೆದರಿಕೆ ಇಲ್ಲ. ನಿನಗೂ ಬೇಡ.

ಮತ್ತೊಂದು. ಇನ್ನು ಮುಂದೆ ಹೆಸರಿನ ಜೊತೆ ಅಂಕಿ ಇರಬೇಕೆಂದು ಸರ್ ಹೇಳಿದ್ದಾರೆ. ಕರಿಗಣ್ಣಿ ಆರು, ಕರಿಗಣ್ಣಿ ಏಳು ಎಂದು. ಆಯಿ ಒಪ್ಪುತ್ತಾಳೆಯೇ? ಡಬ್ಬಿ ಇನ್ನೂ ಎರಡು ವರ್ಷ ಬರುತ್ತದೆ. ಡಬ್ಬಿ ಇಲ್ಲದಿದ್ದರೂ ಕಾಗದ ಬರುತ್ತದೆ.

ನಿನ್ನ ಅಕ್ಕ
ಶಿವಕಾಂತಾ


ಚಿಂತಾಕಿ
೨ ಮೇ ೨೦೨೪

ಅಕ್ಕಾಗೆ ಸಿದ್ದೇಶ್ವರಿಯ ನಮಸ್ಕಾರ.

ಗುಬ್ಬಿಯ ಮಾತು ಮೊದಲು. ರಕ್ತ ಅಲ್ಲ ಅನ್ನುತ್ತದೆ ಎಂದು ಆಯಿಗೆ ಓದಿದೆ. ಅವಳ ಮುಖ ಸಣ್ಣದಾಯಿತು. ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬೆಳ್ಳಿಯ ಮರಿಗಳನ್ನು ಒಂದೊಂದಾಗಿ ಎಣಿಸಿದಳು. ಸ್ವಲ್ಪ ಹೊತ್ತಿಗೆ ಹಣೆ ಬಡಿದುಕೊಂಡು ನಗತೊಡಗಿದಳು. "ಆಗಿನ ಬೆಳ್ಳಿದು ಮರಿ ಸತ್ತಿತ್ತು. ಗುಬ್ಬಿ ತಬ್ಬಲಿ. ಸತ್ತ ಮರಿ ತೊಗಲು ಸುಲದು ಗುಬ್ಬಿ ಮೈಮ್ಯಾಲ ಹೊಚ್ಚಿ ಬೆಳ್ಳಿ ಮಲಿಗಿ ಬಿಟ್ಟಾಕಿ ನಾನೇ! ವಾಸನಿ ನೋಡಿ ಬೆಳ್ಳಿ ತನ್ನ ಮರಿ ಅಂದ್ಕೊಂಡ್ಳು. ದಿನಾ ಬೆಳ್ಳಿ ಮಗಳು ಬೆಳ್ಳಿ ಮಗಳು ಅಂತ ಕರದು ನಾನೂ ಹಂಗ ಅಂದ್ಕೊಂಡ್ನಿ." ಹಾಲು ಹರಿದರೆ ಮಗಳು ಎಂದು ನಾವು ತಿಳಿದಿದ್ದೆವು. ಗುಬ್ಬಿಯ ಹೆತ್ತ ತಾಯಿ ಬೋರಿಯ ಬಳ್ಳಿಯವಳಂತೆ. ನೋಡಿ ಹೇಳಿ.

ಆಯಿಗೆ ನಿಮ್ಮ ಮೇಲೆ ಈಗ ಭಕ್ತಿಯೇ ಬಂದಿದೆ. ಬಾಬುಮಿಯಾ ಚಾಚಾ ಬಂದಾಗ, "ಕುರಿ ಮೂಸಿ ನೋಡಿ ಮೋಸ ಹೋತು, ನಾ ಕಣ್ಣಾರೆ ನೋಡಿ ಮರತ್ನಿ, ಆ ಹುಡುಗಿ ಒಂದು ಹನಿ ನೋಡಿ ಹಿಡದ್ಳು" ಎಂದು ಹೇಳಿದಳು. "ಸೂಜಿ ನಂದಲ್ಲ ಏನ್ ಅಮ್ಮಾ?" ಎಂದು ಚಾಚಾ ಮುನಿಸಿಕೊಂಡರು. ಅವರಿಗೆ ಒಂದು ಚಹಾ ಹೆಚ್ಚಿಗೆ ಕೊಟ್ಟೆ.

ಅಂಕಿಗೆ ಆಯಿ ಒಪ್ಪಲಿಲ್ಲ. ಅಂಕಿ ಹಾಕಿದರೆ ಹೆಸರು ತುಂಡಾಗುತ್ತದೆ ಎಂದು ಹಟ. ನೀವು ಕೇಳುವುದೂ ಸರಿ, ಅವಳು ಹೇಳುವುದೂ ಸರಿ. ಎರಡು ದಿನ ಯೋಚಿಸಿದೆ. ಕಿವಿಯ ಕಚ್ಚು ನೆನಪಾಯಿತು. ಹಳೆಯದನ್ನು ತೆಗೆಯದೆ ಅದಕ್ಕೇ ಕೂಡಿಸುವುದು. ಹೆಸರಿನ ಜೊತೆ ಕೊರಳ ದಾರವೂ ತಾಯಿಯಿಂದ ಮಗಳಿಗೆ ಬರುತ್ತದಲ್ಲ, ಆ ದಾರಕ್ಕೆ ಒಬ್ಬೊಬ್ಬಳಿಗೆ ಒಂದು ಗಂಟು ಹಾಕಿದರೆ? ಹೆಸರು ಒಂದೇ ಇರುತ್ತದೆ. ಗಂಟು ಎಣಿಸಿ ಕೊಳವೆಯ ಮೇಲೆ ನಾನು ಅಂಕಿ ಬರೆಯುತ್ತೇನೆ. ಆಯಿಗೆ ಹೇಳಿದೆ. "ದಾರ ನಂದು, ಅಂಕಿ ಅವರದು. ನಡೀತದ" ಅಂದಳು.

ಇವತ್ತು ಮುಂಜಾನೆ ಕುರಿ ಬಿಡುವ ಮೊದಲು ಕರಿಗಣ್ಣಿಯನ್ನು ಮೊಣಕಾಲ ನಡುವೆ ಹಿಡಿದುಕೊಂಡೆ. ಆಯಿ ಒಬ್ಬೊಬ್ಬಳನ್ನು ನೆನೆದು ಹೇಳುತ್ತ ಹೋದಳು, ನಾನು ಒಂದೊಂದು ಗಂಟು ಬಿಗಿಯುತ್ತ ಹೋದೆ. ಆರನೆಯ ಗಂಟು ನೀವು ಸವರಿದವಳದು, ಅದನ್ನು ಸ್ವಲ್ಪ ಮೆಲ್ಲಗೆ ಹಾಕಿದೆ. ಏಳನೆಯದಕ್ಕೆ ಕರಿಗಣ್ಣಿ ತಲೆ ಒದರಿದಳು, ಗಂಟೆ ಸಪ್ಪಳವಾಯಿತು. ದಾರದ ತುದಿಯನ್ನು ಕತ್ತರಿಸದೆ ಒಂದು ಗೇಣು ಹಾಗೇ ಬಿಟ್ಟಿದ್ದೇನೆ.

ನಿಮ್ಮ ತಂಗಿ
ಸಿದ್ದೇಶ್ವರಿ